ಹಾಜರಿ ಪುಸ್ತಕ ಯಾರ ಪೆಟ್ಟಿಗೆಯಲ್ಲಿರಬೇಕು?



ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಈ ನಾಲ್ಕು ತಾಲ್ಲೂಕುಗಳ ಸಂಘಗಳ ಬಾಗಿಲಿಗೆ ಗೊಬ್ಬರ, ಔಷಧ, ಪೈಪು ಮಾರುವವರ ಜೊತೆಗೆ ಈಚೆಗೆ ಇನ್ನೊಂದು ಬಗೆಯ ಮಾರಾಟಗಾರರೂ ಬರತೊಡಗಿದ್ದಾರೆ. ಅವರು ಮಾರುವುದು ಕಣ್ಣಿಗೆ ಕಾಣುವ ಸರಕಲ್ಲ. ಸಿಬ್ಬಂದಿಯ ಹಾಜರಿ, ರಜೆ, ಸಂಬಳ, ಭವಿಷ್ಯ ನಿಧಿ, ಸಂಬಳದ ಚೀಟಿ ಇವನ್ನೆಲ್ಲ ಮೊಬೈಲಿನಲ್ಲೇ ಮಾಡಿಕೊಡುವ ತಂತ್ರಾಂಶವನ್ನು ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ‘ನಿಮಗೆ ಯಂತ್ರದ ತಾಪತ್ರಯವಿಲ್ಲ, ಆಳಿನ ಖರ್ಚಿಲ್ಲ, ಎಲ್ಲ ಲೆಕ್ಕವೂ ನಮ್ಮಲ್ಲೇ ಇರುತ್ತದೆ’ ಎಂಬುದು ಅವರ ಮುಖ್ಯ ಆಕರ್ಷಣೆ. ಆಡಳಿತ ಮಂಡಳಿಗಳು ನಿಂತು ಯೋಚಿಸತಕ್ಕದ್ದು ಆ ಕೊನೆಯ ಮಾತಿನ ಬಗ್ಗೆಯೇ ಎಂದು ನನ್ನ ಅಭಿಪ್ರಾಯ.

‘ಲೆಕ್ಕ ನಮ್ಮಲ್ಲೇ ಇರುತ್ತದೆ’ ಎಂಬ ಮಾತು ಅಡಿಕೆ ಬೆಳೆಗಾರನಿಗೆ ಹೊಸದಲ್ಲ. ತೂಕ ಮಂಡಿಯವರದು, ದರ ಮಂಡಿಯವರದು, ಮುಂಗಡವೂ ಬಡ್ಡಿಯೂ ಬರೆದಿಟ್ಟ ಪುಸ್ತಕವೂ ಮಂಡಿಯವರದೇ ಆಗಿದ್ದ ಕಾಲದಲ್ಲಿ, ತನಗೆ ಬರಬೇಕಾದ್ದು ಎಷ್ಟು ಎಂಬುದನ್ನು ಬೆಳೆಗಾರ ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾಗಿತ್ತು. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಒಳ್ಳೆಯ ದರಕ್ಕಾಗಿ ನಿಜ. ಆದರೆ ಪುಸ್ತಕ ನಮ್ಮ ಕೈಯಲ್ಲಿರಲಿ ಎಂಬುದೂ ಅಷ್ಟೇ ದೊಡ್ಡ ಕಾರಣ. ಕಾಫಿ ಬೆಳೆಗಾರ ಮಿತ್ರರಿಗೆ ಇದನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. 1942ರಿಂದ ಆರಂಭವಾಗಿ 1996ರವರೆಗೆ ತಾವು ಬೆಳೆದ ಕಾಫಿಯನ್ನು ಪೂಲಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾದು ಕುಳಿತವರಿಗೆ, ಸರಕು ತಮ್ಮದಾದರೂ ಹಿಡಿತ ತಮ್ಮದಲ್ಲದ ಸ್ಥಿತಿ ಎಂಥದೆಂದು ಯಾರೂ ವಿವರಿಸಬೇಕಾಗಿಲ್ಲ.

ಸಿಬ್ಬಂದಿಯ ಲೆಕ್ಕ ಅಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ನಮ್ಮ ಸಂಘಗಳಲ್ಲಿ ಕಾರ್ಯದರ್ಶಿ, ಗುಮಾಸ್ತರು, ಗೋದಾಮಿನ ಹಮಾಲರು ಎಂದು ಕಾಯಂ ಜನ ಕಡಿಮೆ. ಹಂಗಾಮು ಬಂದಾಗ ಮಾತ್ರ ಸುಲಿಯುವವರು, ಬೇಯಿಸುವವರು, ಒಣಗಿಸುವವರು, ಆರಿಸುವವರು ಬಂದು ಸೇರುತ್ತಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ಈ ಜನರಿಗೆ ಸಂಬಂಧಿಸಿದ ಒಂದು ಕಾನೂನಿನ ಮಾತನ್ನು ನೆನಪಿಗೆ ತರುತ್ತೇನೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದ 1972ರ ಗ್ರಾಚ್ಯುಟಿ ಕಾಯಿದೆಯಲ್ಲಿ, ಹಂಗಾಮಿ ಸಂಸ್ಥೆಯಲ್ಲಿ ವರ್ಷಪೂರ್ತಿ ಅಲ್ಲದೆ ಹಂಗಾಮಿಗೆ ಮಾತ್ರ ದುಡಿದವರಿಗೆ ಪ್ರತಿ ಹಂಗಾಮಿಗೆ ಏಳು ದಿನದ ಕೂಲಿಯಂತೆ ಗ್ರಾಚ್ಯುಟಿ ಸಲ್ಲಬೇಕೆಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಹಂಗಾಮು ನಡೆದ ದಿನಗಳಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ದಿನ ದುಡಿದಿದ್ದರೆ ಅದು ನಿರಂತರ ಸೇವೆಯ ಲೆಕ್ಕಕ್ಕೆ ಬರುತ್ತದೆ.

ಇದರ ಅರ್ಥವೇನು? ಹನ್ನೆರಡು ಹಂಗಾಮು ಸುಲಿದ ಒಬ್ಬ ಹೆಂಗಸು ಸೊಂಟ ಸೋತು ಕೆಲಸ ಬಿಡುವ ದಿನ, ಹನ್ನೆರಡು ವರ್ಷದ ಹಿಂದೆ ಅವಳು ಯಾವ ತಿಂಗಳು ಎಷ್ಟು ದಿನ ಬಂದಿದ್ದಳು ಎಂಬುದನ್ನು ಯಾರಾದರೂ ತೆಗೆದು ತೋರಿಸಬೇಕು. ರಟ್ಟು ಹಾಕಿದ ಹಳೆಯ ಹಾಜರಿ ಪುಸ್ತಕಗಳಲ್ಲಿ ಗೆದ್ದಲು ತಿಂದದ್ದುಂಟು, ಆದರೂ ಅವು ಸಂಘದ ಬೀರುವಿನಲ್ಲೇ ಇರುತ್ತಿದ್ದವು. ಬಾಡಿಗೆ ತಂತ್ರಾಂಶದ ಕರಾರು ವರ್ಷಕ್ಕೊಂದು. ಕಂತು ನಿಂತರೆ ಬಾಗಿಲು ಮುಚ್ಚುತ್ತದೆ. ಕಂಪನಿಯೇ ಮುಚ್ಚಿದರೆ ಅಥವಾ ಇನ್ನೊಬ್ಬರಿಗೆ ಮಾರಿಹೋದರೆ ಆ ಹೆಂಗಸಿನ ಹನ್ನೆರಡು ಹಂಗಾಮು ಎಲ್ಲಿ ಹೋಯಿತೆಂದು ಯಾರನ್ನು ಕೇಳುವುದು? ವರ್ಷದ ಕರಾರಿನ ಮೇಲೆ ಇಪ್ಪತ್ತು ವರ್ಷದ ದಾಖಲೆಯನ್ನು ಇಡುವುದು ವ್ಯವಹಾರ ಬಲ್ಲವರ ಕೆಲಸವಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಬಿಡಿಸಿ ನೋಡುವುದು ಅಗತ್ಯ. ಲೆಕ್ಕ ಎಲ್ಲಿದೆ ಎಂಬುದು ಒಂದು. ಲೆಕ್ಕ ಮಾಡುವ ತಂತ್ರಾಂಶದ ಮೇಲೆ ನಮಗೆ ಯಾವ ಹಕ್ಕಿದೆ ಎಂಬುದು ಇನ್ನೊಂದು. ನಮ್ಮ ಗುಮಾಸ್ತರಿಗೆಲ್ಲ ಪರಿಚಯವಿರುವ ಟ್ಯಾಲಿಯನ್ನೇ ನೋಡಿ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಯ ಸರಕು ಅದು, ಕೆಲಸಕ್ಕೆ ಒಳ್ಳೆಯದು. ಅದರ ಲೆಕ್ಕ ಸಂಘದ ಕಂಪ್ಯೂಟರಿನಲ್ಲೇ ಇಡಬಹುದು, ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಸಮಾಧಾನಕರ. ಆದರೆ ಒಳಗಿನ ಯಂತ್ರವನ್ನು ಬಿಚ್ಚಿ ನೋಡುವ, ತಿದ್ದುವ ಹಕ್ಕು ನಮಗಿಲ್ಲ. ಬಾಡಿಗೆ ತಂತ್ರಾಂಶದಲ್ಲಿ ಎರಡೂ ಇಲ್ಲ. ಎರಡೂ ನಮ್ಮದಾಗಿರುವ ಮೂರನೆಯ ದಾರಿಯೊಂದಿದೆ: ಮುಕ್ತ ಪರವಾನಗಿಯ ತಂತ್ರಾಂಶವನ್ನು ತಂದು, ನಮ್ಮ ಹಿಡಿತದ ಯಂತ್ರದಲ್ಲೇ ನಡೆಸುವುದು.

ಈ ಮುಕ್ತ ಪರವಾನಗಿ ಎಂದರೇನು? ನಮ್ಮಲ್ಲಿ ಒಳ್ಳೆಯ ಇಳುವರಿಯ ತಾಯಿಮರ ಕಂಡರೆ ಹಣ್ಣಡಿಕೆ ಕೇಳಿ ತಂದು ಸಸಿ ಮಾಡುತ್ತೇವೆ. ಸಸಿ ಹೆಚ್ಚಾದರೆ ಪಕ್ಕದವರಿಗೆ ಕೊಡುತ್ತೇವೆ. ಮೂಲ ಮರದ ಯಜಮಾನ ಹತ್ತು ವರ್ಷದ ನಂತರ ಬಂದು ‘ಮರ ಕಡಿ’ ಎನ್ನುವಂತಿಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಕೆಲಸ ಪ್ರಾರಂಭಿಸಿ, 1989ರಲ್ಲಿ ‘ಜನರಲ್ ಪಬ್ಲಿಕ್ ಲೈಸೆನ್ಸ್’, ಅಂದರೆ ಜಿ.ಪಿ.ಎಲ್. ಎಂಬ ಪರವಾನಗಿಯನ್ನು ಹೊರತಂದಾಗ ಈ ಪದ್ಧತಿಯನ್ನೇ ಕಾನೂನಿನ ಭಾಷೆಯಲ್ಲಿ ಬರೆದರೆನ್ನಬಹುದು. ಯಾವ ಉದ್ದೇಶಕ್ಕಾದರೂ ನಡೆಸಬಹುದು, ಒಳಗೆ ನೋಡಬಹುದು, ತಿದ್ದಬಹುದು, ಇತರರಿಗೆ ಕೊಡಬಹುದು. ಒಂದೇ ಕಟ್ಟುಪಾಡು: ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಇದೇ ಹಕ್ಕುಗಳನ್ನೂ ಸೇರಿಸಿ ಕೊಡಬೇಕು, ನಮ್ಮ ಕಚೇರಿಯೊಳಗೆ ಮಾತ್ರ ಬಳಸಿಕೊಂಡರೆ ಯಾರಿಗೂ ಕೊಡಬೇಕಾದ್ದಿಲ್ಲ. ಈ ಪರವಾನಗಿಯಲ್ಲಿ ಒಮ್ಮೆ ಹೊರಬಂದ ಆವೃತ್ತಿಯನ್ನು, ಷರತ್ತು ಪಾಲಿಸುವವರ ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳಲಾಗದು.

ಈ ವಿಷಯ ಎತ್ತಿದಾಗಲೆಲ್ಲ ಒಂದು ಆಕ್ಷೇಪಣೆ ಕೇಳಿಬರುತ್ತದೆ: ‘ಮುಕ್ತ ಎಂದರೆ ನಮ್ಮ ಸಂಬಳದ ಲೆಕ್ಕವನ್ನು ಊರವರೆಲ್ಲ ನೋಡುತ್ತಾರಲ್ಲ!’ ಇದು ತಪ್ಪು ತಿಳಿವಳಿಕೆ. ಮುಕ್ತವಾಗಿರುವುದು ತಕ್ಕಡಿಯ ರಚನೆ. ತಕ್ಕಡಿಯಲ್ಲಿ ಯಾರ ಅಡಿಕೆ ಎಷ್ಟು ತೂಗಿತು ಎಂಬುದಲ್ಲ. ತಕ್ಕಡಿಯನ್ನು ಬಿಚ್ಚಿ ನೋಡಬಹುದಾದರೆ ತೂಕದ ಮೇಲೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಂಥ ತಂತ್ರಾಂಶಕ್ಕಾಗಿ ಹೊರದೇಶಕ್ಕೆ ಹೋಗಬೇಕಾಗಿಲ್ಲ. ಮುಂಬಯಿಯಲ್ಲಿ ರುಷಭ್ ಮೆಹತಾ ಅವರು 2008ರಲ್ಲಿ ಆರಂಭಿಸಿದ ಫ್ರಾಪೆ ಸಂಸ್ಥೆ ‘ಇ.ಆರ್.ಪಿ. ನೆಕ್ಸ್ಟ್’ ಎಂಬ ವ್ಯವಹಾರದ ತಂತ್ರಾಂಶವನ್ನು ಜಿ.ಪಿ.ಎಲ್. ಮೂರನೆಯ ಆವೃತ್ತಿಯ ಪರವಾನಗಿಯಲ್ಲಿ ಕೊಡುತ್ತದೆ. ಅದರೊಳಗಿದ್ದ ಸಿಬ್ಬಂದಿ ವಿಭಾಗವನ್ನು 2022ರಲ್ಲಿ ಬೇರ್ಪಡಿಸಿ ‘ಫ್ರಾಪೆ ಎಚ್.ಆರ್.’ ಎಂದು ಹೆಸರಿಟ್ಟರು, ಪರವಾನಗಿ ಅದೇ. ಹಾಜರಿ, ಪಾಳಿ, ರಜೆ, ಮುಂಗಡ, ಸಂಬಳದ ಚೀಟಿ ಎಲ್ಲವೂ ಅದರಲ್ಲಿವೆ. ಬೆಂಗಳೂರಿನ ಷೇರು ವಹಿವಾಟಿನ ಜೆರೋಧಾ ಇ.ಆರ್.ಪಿ. ನೆಕ್ಸ್ಟ್ ಬಳಸುವ ಸಂಸ್ಥೆಗಳಲ್ಲಿ ಒಂದು. ಮುಕ್ತ ತಂತ್ರಾಂಶ ಬರೆಯುವವರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿಯನ್ನೂ ಅದು 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಕೋಟಿಗಟ್ಟಲೆ ವ್ಯವಹಾರ ಮಾಡುವವರಿಗೆ ಆಗಿಬರುವುದು ನಮ್ಮ ಗೋದಾಮಿಗೆ ಆಗಿಬಾರದು ಎನ್ನಲು ಕಾರಣ ಕಾಣುವುದಿಲ್ಲ. ಆರೆಂಜ್ ಎಚ್.ಆರ್.ಎಂ. ಎಂಬ ಇನ್ನೊಂದಿದೆ, ಅದರಲ್ಲಿ ಸಣ್ಣ ಆವೃತ್ತಿ ಮುಕ್ತ, ಹೆಚ್ಚಿನ ಸೌಲಭ್ಯದ ಆವೃತ್ತಿಗೆ ಹಣ. ಹೆಸರಿನಲ್ಲಿ ‘ಓಪನ್’ ಎಂದಿದ್ದ ಮಾತ್ರಕ್ಕೆ ಸಹಿ ಹಾಕದೆ, ಯಾವ ಭಾಗಕ್ಕೆ ಯಾವ ಪರವಾನಗಿ ಎಂದು ಓದಿ ನೋಡಬೇಕಾದ್ದು ಇದಕ್ಕಾಗಿಯೇ.

ಮೂಲ ಸಂಸ್ಥೆಯೇ ನಾಳೆ ಮನಸ್ಸು ಬದಲಿಸಿದರೆ? ಫ್ರಾಪೆ ತಂತ್ರಾಂಶದ ಲೆಕ್ಕಗಳೆಲ್ಲ ಸಾಮಾನ್ಯವಾಗಿ ‘ಮರಿಯಾ ಡಿ.ಬಿ.’ ಎಂಬ ಉಗ್ರಾಣದಲ್ಲಿರುತ್ತವೆ. ಅದರ ಕಥೆಯೇ ಇದಕ್ಕೆ ಉತ್ತರ. ಮೈಕೆಲ್ ವಿಡೇನಿಯಸ್ ಮತ್ತು ಜೊತೆಗಾರರು ಕಟ್ಟಿದ ‘ಮೈ ಎಸ್‌ಕ್ಯುಎಲ್’ ಎಂಬ ಮುಕ್ತ ಉಗ್ರಾಣವು, ಕಂಪನಿ ಕಂಪನಿಗೆ ಮಾರಾಟವಾಗುತ್ತ 2010ರಲ್ಲಿ ಆರಕಲ್ ಎಂಬ ದೈತ್ಯ ಸಂಸ್ಥೆಯ ವಶಕ್ಕೆ ಬಂತು. ಹೀಗಾಗುವ ಸೂಚನೆ ಸಿಕ್ಕಿದಾಗಲೇ ವಿಡೇನಿಯಸ್ ಅದೇ ಮುಕ್ತ ಮೂಲವನ್ನು ತೆಗೆದುಕೊಂಡು ಬೇರೆ ಕವಲು ಬೆಳೆಸಿದರು. ಮೊದಲನೆಯದಕ್ಕೆ ಹಿರಿಯ ಮಗಳು ಮೈಯ ಹೆಸರಿಟ್ಟಿದ್ದರು, ಇದಕ್ಕೆ ಕಿರಿಯ ಮಗಳು ಮರಿಯಾಳ ಹೆಸರಿಟ್ಟರು. ಪರವಾನಗಿ ಮುಕ್ತವಾಗಿಲ್ಲದಿದ್ದರೆ ತಾನೇ ಕಟ್ಟಿದ್ದನ್ನು ಮತ್ತೆ ಮುಟ್ಟುವ ಹಕ್ಕು ಆ ತಂದೆಗೂ ಇರುತ್ತಿರಲಿಲ್ಲ.

ಇನ್ನು ನಮಗೆ ಅತ್ಯಂತ ಉಪಯೋಗದ ಮಾತು. ಪೇಟೆಯ ತಂತ್ರಾಂಶಗಳು ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಮ್ಮಲ್ಲಿ ಸುಲಿಯುವವರಿಗೆ ತೂಕದ ಮೇಲೆ ಕೂಲಿ. ಕಾಫಿ ಕೊಯ್ಯುವವರಿಗೂ ಕಿಲೋ ಲೆಕ್ಕ ಉಂಟು. ಒಂದೇ ಆಳು ಬೆಳಗ್ಗೆ ಕಣದಲ್ಲಿ ದಿನಗೂಲಿ, ಮಧ್ಯಾಹ್ನದ ಮೇಲೆ ಸುಲಿತದಲ್ಲಿ ತೂಕದ ಕೂಲಿ ಮಾಡುವುದೂ ಇದೆ. ಮುಂಗಡ ಪಡೆದು ಹಂಗಾಮಿನಲ್ಲಿ ಮುರಿಸಿಕೊಳ್ಳುವುದಂತೂ ಎಲ್ಲೆಡೆಯ ರೂಢಿ. ಬಾಡಿಗೆ ತಂತ್ರಾಂಶದವರಿಗೆ ಇದನ್ನು ಹೇಳಿದರೆ ‘ನಮ್ಮ ಪದ್ಧತಿಗೆ ನಿಮ್ಮ ಪದ್ಧತಿ ಹೊಂದಿಸಿಕೊಳ್ಳಿ’ ಎಂಬ ಉತ್ತರ ಬರುತ್ತದೆ, ಇಲ್ಲವೆ ಹೆಚ್ಚುವರಿ ಬಿಲ್ಲು ಬರುತ್ತದೆ. ಮೂಲ ನಮ್ಮ ಕೈಯಲ್ಲಿದ್ದರೆ ತೂಕದ ಕೂಲಿಯ ಕೋಷ್ಟಕವನ್ನು ಬಲ್ಲವರಿಂದ ಒಮ್ಮೆ ಬರೆಯಿಸಿದರಾಯಿತು. ಹೊಳಲ್ಕೆರೆಯ ಸಂಘ ಬರೆಯಿಸಿದ್ದನ್ನು ಹೊಸದುರ್ಗದವರು ಯಾರ ಅಪ್ಪಣೆಯೂ ಇಲ್ಲದೆ ತೆಗೆದುಕೊಳ್ಳಬಹುದು. ಅವರು ಇನ್ನೊಂದು ತಿದ್ದುಪಡಿ ಮಾಡಿದರೆ ಅದು ಹಿರಿಯೂರಿಗೆ ಬರುತ್ತದೆ. ಸಹಕಾರದ ಏಳು ತತ್ವಗಳಲ್ಲಿ ಆರನೆಯದು ಸಹಕಾರ ಸಂಘಗಳ ನಡುವಿನ ಸಹಕಾರ ಎಂಬುದನ್ನು ನಮ್ಮ ತರಬೇತಿ ಶಿಬಿರಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಇಲ್ಲಿ ಅದು ಕಾಸು ಉಳಿಸುವ ಕೆಲಸವಾಗುತ್ತದೆ.

ಸಣ್ಣ ಉದಾಹರಣೆಯೊಂದು. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ ಇತ್ತು. 2025ರ ತಿದ್ದುಪಡಿಯಿಂದ ಹನ್ನೊಂದು ತಿಂಗಳು 200, ಫೆಬ್ರವರಿ ಒಂದು ತಿಂಗಳು ಮಾತ್ರ 300 ಎಂದಾಯಿತು. ವರ್ಷಕ್ಕೆ 2,500 ಸರಿಹೊಂದಿಸಲು ಮಾಡಿದ ಜಾಣತನ. (ಫೆಬ್ರವರಿಯನ್ನೇ ಏಕೆ ಆರಿಸಿದರೋ, ಇರುವುದೇ ಇಪ್ಪತ್ತೆಂಟು ದಿನ!) ಇಂಥ ಒಂದು ಸಾಲನ್ನು ತಿದ್ದಲು ದೂರದ ಕಂಪನಿಯ ಸರದಿಯಲ್ಲಿ ನಿಲ್ಲಬೇಕೋ, ನಮ್ಮ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ತಿದ್ದಬೇಕೋ? ಭಾಷೆಯ ವಿಷಯವೂ ಹಾಗೆಯೇ. ಸಂಬಳದ ಚೀಟಿಯ ಶೀರ್ಷಿಕೆಗಳನ್ನು ಅಚ್ಚುಕಟ್ಟಾದ ಕನ್ನಡಕ್ಕೆ, ನಮ್ಮ ಕಡೆಯ ಮಾತಿಗೆ, ನಾವೇ ಬದಲಿಸಬಹುದು. ಕಡಿತ ಎಷ್ಟು, ಏಕೆ ಎಂದು ಕೂಲಿಯವಳು ತಾನೇ ಓದಿಕೊಳ್ಳಬಲ್ಲ ಚೀಟಿ ಕೊಟ್ಟರೆ ಬಟವಾಡೆಯ ದಿನದ ಜಗಳಗಳಲ್ಲಿ ಅರ್ಧದಷ್ಟು ಅಲ್ಲಿಗೇ ನಿಲ್ಲುತ್ತವೆ.

ಬೇರೆಯವರ ಮನೆಯಲ್ಲಿ ಲೆಕ್ಕ ಇಟ್ಟವರ ಪಾಡು ಏನಾಯಿತೆಂಬುದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. 2021ರ ಡಿಸೆಂಬರಿನಲ್ಲಿ ಅಮೆರಿಕದ ಕ್ರೋನೋಸ್ ಎಂಬ ಹಾಜರಿ-ಸಂಬಳದ ಸೇವೆಗೆ ಸುಲಿಗೆಕೋರರು ಬೀಗ ಜಡಿದರು. ಅದನ್ನು ನಂಬಿದ್ದ ಆಸ್ಪತ್ರೆಗಳೂ ನಗರಸಭೆಗಳೂ ವಾರಗಟ್ಟಲೆ ಅಂದಾಜಿನ ಮೇಲೆ ಸಂಬಳ ಕೊಟ್ಟವು. ಹೆಚ್ಚು ಹೊತ್ತು ದುಡಿದವರಿಗೆ ದುಡಿದಷ್ಟು ಸಿಗಲಿಲ್ಲ. ನಮ್ಮ ದೇಶದಲ್ಲೇ 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಒಂದೇ ಸಂಸ್ಥೆಯ ಮೇಲೆ ಅಂಥದೇ ದಾಳಿಯಾದಾಗ, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತಿತು. ಅವುಗಳಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೇ ಇದ್ದವು. 2025ರ ಜುಲೈನಲ್ಲಿ ಗುಜರಾತಿನ ನಯಾರಾ ತೈಲ ಕಂಪನಿಗೆ ಯುರೋಪಿನ ನಿರ್ಬಂಧದ ಕಾರಣ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಹಣ ಪಾವತಿ ಮಾಡಿದ್ದರೂ ಅದರ ನೌಕರರ ಪತ್ರವ್ಯವಹಾರ ಬಂದಾಯಿತು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು, ಬಳಿಕ ಸೇವೆ ಮರಳಿತು. ಹೈಕೋರ್ಟಿಗೆ ಹೋಗಲು ನಯಾರಾಕ್ಕೆ ಶಕ್ತಿಯಿತ್ತು. ನಮ್ಮ ಸಂಘಕ್ಕೆ ಚಿತ್ರದುರ್ಗದ ಬಸ್ಸು ಹತ್ತಬೇಕಾದರೂ ಮಂಡಳಿಯ ಠರಾವು ಬೇಕು.

ಹಾಗೆಂದು ಸ್ವಂತ ಯಂತ್ರ ಇಟ್ಟರೆ ಎಲ್ಲ ಸುಗಮ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆಯ ತೋಟಗಾರರಿಗೆ 2024ರ ಬೇಸಿಗೆ ಮರೆತಿರಲಾರದು. ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಉಳಿಸಿಕೊಂಡವರು ಎಷ್ಟು ಮಂದಿ! ಟ್ಯಾಂಕರಿಗಿಂತ ಸ್ವಂತ ಕೊಳವೆ ಬಾವಿ ಮೇಲು. ಆದರೆ ಬಾವಿಗೆ ಮೋಟಾರು ಬೇಕು, ಮೋಟಾರು ಸುಟ್ಟರೆ ಎತ್ತುವವರು ಬೇಕು. ಸ್ವಂತ ಯಂತ್ರವೂ ಹಾಗೆಯೇ. ವಿದ್ಯುತ್ ಹೋಗುತ್ತದೆ, ಸಿಡಿಲು ಬಡಿಯುತ್ತದೆ, ಎಲ್ಲ ಬಲ್ಲ ಒಬ್ಬನೇ ಹುಡುಗ ಬೆಂಗಳೂರಿಗೆ ಹೊರಟುಹೋಗುತ್ತಾನೆ. ಸುಲಿಗೆಕೋರರು ಸಣ್ಣವರನ್ನೂ ಬಿಡುವುದಿಲ್ಲ. ದಿನವೂ ಲೆಕ್ಕದ ನಕಲು ತೆಗೆದು ಒಂದನ್ನು ಬೇರೆ ಊರಿನಲ್ಲಿಡದ ಸ್ವಂತ ಯಂತ್ರ, ಬಾಡಿಗೆ ತಂತ್ರಾಂಶಕ್ಕಿಂತ ಅಪಾಯಕರ ಎಂದೇ ನಾನು ಹೇಳುವೆ. ಆ ನಕಲಿನಿಂದ ಲೆಕ್ಕವನ್ನು ಮರಳಿ ಎಬ್ಬಿಸಲು ಬರುತ್ತದೆಯೇ ಎಂದು ಮೂರು ತಿಂಗಳಿಗೊಮ್ಮೆ ಪರೀಕ್ಷಿಸದಿದ್ದರೆ ನಕಲು ಇದ್ದೂ ಇಲ್ಲದಂತೆ.

ಆದ್ದರಿಂದ ಒಂದೊಂದು ಸಂಘವೂ ಹಿಂದಿನ ಕೋಣೆಯಲ್ಲಿ ಒಂದೊಂದು ಯಂತ್ರ ಇಡುವುದು ನನ್ನ ಸಲಹೆಯಲ್ಲ. ನಾಲ್ಕು ತಾಲ್ಲೂಕಿನ ಸಂಘಗಳು ಸೇರಿ ಒಂದು ಯಂತ್ರ, ಒಬ್ಬ ಪೂರ್ಣಕಾಲದ ತಂತ್ರಜ್ಞ, ಅವನಿಗೊಬ್ಬ ಸಹಾಯಕ ಎಂದು ಮಾಡಿಕೊಳ್ಳಬಹುದು. ಯಂತ್ರವು ಸಂಘದ ಕಟ್ಟಡದಲ್ಲೇ ಇರಬೇಕೆಂದೂ ಇಲ್ಲ. ದತ್ತಾಂಶ ಕೇಂದ್ರದಲ್ಲಿ ಬಾಡಿಗೆಗೆ ಪಡೆದ ಬರಿಯ ಯಂತ್ರವಾದರೂ ಸರಿ, ಬೀಗದ ಕೈ ನಮ್ಮಲ್ಲಿದ್ದು, ಬೇಡವೆನಿಸಿದ ದಿನ ಲೆಕ್ಕವನ್ನೂ ತಂತ್ರಾಂಶವನ್ನೂ ಎತ್ತಿಕೊಂಡು ಇನ್ನೊಂದು ಕಡೆಗೆ ಹೋಗಲು ಬರಬೇಕು. ಫ್ರಾಪೆಯವರೇ ಹಣಕ್ಕೆ ನಡೆಸಿಕೊಡುವ ಸೇವೆಯೂ ಇದೆ. ಅಲ್ಲಿ ಆರಂಭಿಸಿ ಮುಂದೆ ನಮ್ಮ ಯಂತ್ರಕ್ಕೆ ತಂದುಕೊಳ್ಳಬಹುದು, ಏಕೆಂದರೆ ತಂತ್ರಾಂಶ ಎರಡು ಕಡೆಯೂ ಅದೇ.

ಖರ್ಚಿನ ಲೆಕ್ಕ ನೋಡೋಣ. ಬಾಡಿಗೆ ತಂತ್ರಾಂಶಕ್ಕೆ ತಲೆಗೆ ತಿಂಗಳಿಗೆ 80 ರೂಪಾಯಿ ಎಂದು ಇಟ್ಟುಕೊಳ್ಳಿ. ಕಾಯಂ ಸಿಬ್ಬಂದಿ 30 ಜನರಿಗೆ ವರ್ಷಕ್ಕೆ 28,800. ಹಂಗಾಮಿನ 200 ಜನರಿಗೆ ನಾಲ್ಕು ತಿಂಗಳಿಗೆ 64,000. ಒಟ್ಟು 92,800; ನಾಲ್ಕು ಸಂಘಕ್ಕೆ 3,71,200. ಇದು ಪ್ರತಿ ವರ್ಷ, ದರ ಏರದಿದ್ದರೆ. ತಲೆ ಲೆಕ್ಕದ ಬಾಡಿಗೆಯಲ್ಲಿ ಇನ್ನೊಂದು ಕೆಡುಕಿದೆ: ಖರ್ಚು ಉಳಿಸಲೆಂದು ಹಂಗಾಮಿನವರನ್ನು ತಂತ್ರಾಂಶಕ್ಕೆ ಸೇರಿಸದೆ ಬಿಡುವ ಚಪಲ ಹುಟ್ಟುತ್ತದೆ. ದಾಖಲೆ ಹೆಚ್ಚು ಬೇಕಾದವರೇ ದಾಖಲೆಯಿಂದ ಹೊರಗುಳಿಯುತ್ತಾರೆ. ಮುಕ್ತ ತಂತ್ರಾಂಶದಲ್ಲಿ ತಲೆ ಎಣಿಕೆ ಇಲ್ಲ. ಆ ಹಣ ಪರವಾನಗಿಗೆ ಹೋಗುವ ಬದಲು ನಮ್ಮೂರಿನ ಒಬ್ಬ ತಂತ್ರಜ್ಞನ ಸಂಬಳಕ್ಕೆ ಹೋಗುತ್ತದೆ. ಮೊದಲ ವರ್ಷ ಇದಕ್ಕಿಂತ ಹೆಚ್ಚೇ ಖರ್ಚಾದೀತು. ಅದನ್ನು ಮುಚ್ಚಿಟ್ಟು ಠರಾವು ಮಾಡಿಸುವುದು ಸರಿಯಲ್ಲ.

ಹೊಣೆಗಾರಿಕೆಯ ಮಾತು ಒಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಅವಕಾಶ ಕೊಟ್ಟಿದ್ದಾರೆ. ನೌಕರರ ವಿವರವನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೆಲಸ ಮಾಡಿಸಿದರೂ ಹೊಣೆ ಕೊಟ್ಟವರದೇ. ಭದ್ರತೆಯಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಅಷ್ಟು ದಂಡ ನಮಗೆ ಬೀಳುತ್ತದೆಂದು ಹೆದರಿಸುತ್ತಿಲ್ಲ. ಬೆರಳಚ್ಚು, ಮುಖದ ಚಿತ್ರ ತೆಗೆದು ಹಾಜರಿ ಹಾಕುವ ಯಂತ್ರಗಳನ್ನು ಕಾಣಿಕೆಯಂತೆ ಉಚಿತವಾಗಿ ಕೊಡುವವರು ಬಂದಾಗ, ಆ ಬೆರಳಚ್ಚು ಎಲ್ಲಿಗೆ ಹೋಗುತ್ತದೆಂದು ಕೇಳುವ ಧೈರ್ಯ ಕಾರ್ಯದರ್ಶಿಗಳಿಗೆ ಬರಲಿ ಎಂದು ಹೇಳಿದೆ.

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿಯ ಯೋಜನೆ ಮಂಜೂರು ಮಾಡಿತು. ರಾಜ್ಯ ಸರ್ಕಾರಿ ನೌಕರರ ಸಂಬಳವೂ ಬಹುಕಾಲದಿಂದ ಎಚ್.ಆರ್.ಎಂ.ಎಸ್.ನಲ್ಲೇ ನಡೆಯುತ್ತಿದೆ, ಮನೆಯಲ್ಲಿ ಮೇಷ್ಟರಿದ್ದವರಿಗೆ ಗೊತ್ತು. ಗಣಕ ಬೇಡ ಎನ್ನುವ ಕಾಲ ಮುಗಿಯಿತು. ಮಾರುಕಟ್ಟೆ ಸಂಘಗಳಾದ ನಾವು ನಮ್ಮ ಸಿಬ್ಬಂದಿಯ ಲೆಕ್ಕಕ್ಕೆ ಯಾವ ದಾರಿ ಹಿಡಿಯುತ್ತೇವೆ ಎಂಬುದನ್ನು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಗೆ ಮೊದಲು ಮಂಡಳಿಗಳು ತೀರ್ಮಾನಿಸುವುದು ಒಳ್ಳೆಯದು.

ಈಗಾಗಲೇ ಬಾಡಿಗೆ ಕರಾರಿಗೆ ಸಹಿ ಹಾಕಿದವರು ಗಾಬರಿಪಡಬೇಕಾಗಿಲ್ಲ. ಮುಂದಿನ ನವೀಕರಣದ ವೇಳೆ ಮೂರು ಸಾಲು ಬರೆಯಿಸಿಕೊಳ್ಳಿ: ಕೇಳಿದ ದಿನ ನಮ್ಮ ಸಂಪೂರ್ಣ ಲೆಕ್ಕವನ್ನು ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ರೂಪದಲ್ಲಿ ಕೊಡತಕ್ಕದ್ದು, ಕರಾರು ಮುಗಿದ ಮೇಲೂ ಆರು ತಿಂಗಳು ಲೆಕ್ಕವನ್ನು ಅಳಿಸತಕ್ಕದ್ದಲ್ಲ, ಕಂಪನಿ ಮಾರಾಟವಾದರೆ ಮುಂಚಿತವಾಗಿ ತಿಳಿಸತಕ್ಕದ್ದು. ಇದಕ್ಕೆ ಒಪ್ಪದವರ ಬಳಿ ಹೆಚ್ಚು ಮಾತು ಬೇಡ. ಹೊಸದಾಗಿ ಆರಂಭಿಸುವವರು ಮೊದಲು ಒಂದು ಗೋದಾಮಿನಲ್ಲಿ ಮಾತ್ರ, ಒಂದು ಹಂಗಾಮು, ಮುಕ್ತ ತಂತ್ರಾಂಶವನ್ನು ನಡೆಸಿ ನೋಡಲಿ. ಆ ಹಂಗಾಮು ಮುಗಿಯುವವರೆಗೆ ಗುಮಾಸ್ತರು ಹಾಜರಿ ಪುಸ್ತಕದಲ್ಲೂ ಬರೆಯುತ್ತಿರಲಿ, ಶನಿವಾರ ಶನಿವಾರ ಎರಡನ್ನೂ ತಾಳೆ ನೋಡಲಿ.